ನೂರಾ ಹನ್ನೆರಡನೇ ಪುಟದ ಉಸಿರು

ಪ್ರೆಸ್ಸಿನಲ್ಲಿ ಅವರನ್ನು ಎಲ್ಲರೂ ಚುಕ್ಕಿ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಮೂವತ್ತು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕರಡು ತಿದ್ದಿದ ಮನುಷ್ಯ. ಒಂದು ಚುಕ್ಕಿ ಹೆಚ್ಚುಕಡಿಮೆಯಾದರೂ ಆಕಾಶ ಭೂಮಿ ಒಂದು ಮಾಡುತ್ತಿದ್ದರು. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಇಂಥವರನ್ನು ನೋಡಿಯೇ ಹೇಳಿರಬೇಕು.

ಕೊನೆಗೆ ಅವರ ಕೊರಳಿಗೆ ಬಿದ್ದದ್ದು ಒಂದು ಗ್ರೀಕ್ ನಿಘಂಟು. ಸ್ವರದಿಂದ ಶುರುವಾಗುವ ಪ್ರತಿ ಪದಕ್ಕೂ ಅಲ್ಲಿ ಉಸಿರಿನ ಗುರುತೊಂದು ಇರುತ್ತದೆ, ಸಾಸಿವೆಯಷ್ಟೂ ಇಲ್ಲದ ಕೊಕ್ಕೆ. ಅದು ಬಲಕ್ಕೆ ಬಾಯಿ ತೆರೆದಿದ್ದರೆ ಮೊದಲು ‘ಹ’ ಅಂತ ಉಸಿರು ಬಿಡಬೇಕು, ಎಡಕ್ಕಾದರೆ ಬೇಡ. ಗಂಡಹೆಂಡತಿ ಇಬ್ಬರಿಗೂ ಗ್ರೀಕ್ ಬಾರದು. ಮಧ್ಯಾಹ್ನ ಊಟದ ಮೇಜಿನ ಆಚೆ ಹೆಂಡತಿ ಮೂಲಪ್ರತಿ ಹಿಡಿದು ಕೂರುವುದು, ಈಚೆ ಮೇಷ್ಟ್ರು ಕರಡಿನ ಮೇಲೆ ಬೆರಳಿಟ್ಟು ಪದದ ನಂಬರು ಕೂಗುವುದು. ಬಲಗೊಕ್ಕೆಯಾದರೆ ಆಕೆ ‘ಹ’ ಅಂತ ಊದಿ ಪಕ್ಕದಲ್ಲಿ ಪೆನ್ಸಿಲ್ ಗೀಟು ಎಳೆಯುವುದು, ಎಡಗೊಕ್ಕೆಗೆ ಸುಮ್ಮನಿರುವುದು.

“ಮದುವೆಯಾದಾಗಿನಿಂದ ಉಸಿರೆತ್ತೋಕೆ ಬಿಡದವರು, ಈಗ ಉಸಿರು ಬಿಡು ಬಿಡು ಅಂತೀರಲ್ರೀ” ಅಂತ ಆಕೆ ನಗುತ್ತಿದ್ದರು. ಗಾಳಿ, ಉಸಿರು, ಜೀವ ಮೂರಕ್ಕೂ ಆ ಜನಕ್ಕೆ ಒಂದೇ ಮಾತಂತೆ ಅಂತ ಮೇಷ್ಟ್ರು ಮುನ್ನುಡಿ ಓದಿ ಹೇಳಿದರೆ, ನಮ್ಮಲ್ಲೂ ಉಸಿರು ಹೋಯ್ತು ಅಂದ್ರೆ ಇನ್ನೇನು ಉಳಿಯುತ್ತೆ ಅಂದಿದ್ದರು.

ಆಕೆಯ ಎದೆ ಮೊದಲಿಂದಲೂ ಅಷ್ಟಕ್ಕಷ್ಟೆ. ಆ ತಿಂಗಳು ಎರಡು ಮೆಟ್ಟಿಲು ಹತ್ತಿದರೂ ಏದುಸಿರು. ಡಾಕ್ಟರಿಗೆ ತೋರಿಸೋಣ ಅಂದರೆ ಈ ಪುಸ್ತಕ ಮುಗೀಲಿ ಅಂದರು ಮಹಾರಾಯರು. ಊದಿದ್ದು ಮೆಲ್ಲಗಾದಾಗ ಜೋರಾಗಿ ಊದು ಅಂತ ಗದರಿದ್ದೂ ಉಂಟು. ಆಮೇಲೆ ಒಂದು ಮಧ್ಯಾಹ್ನ ನೂರಾ ಹನ್ನೆರಡನೇ ಪುಟಕ್ಕೆ ಆಚೆಯಿಂದ ಸದ್ದೇ ಬರಲಿಲ್ಲ. ಎಲ್ಲ ಎಡಗೊಕ್ಕೆ ಅಂದುಕೊಂಡು ಮೇಷ್ಟ್ರು ತಲೆ ಬಗ್ಗಿಸಿಕೊಂಡೇ ಸರಸರ ತಿದ್ದಿ ಮುಗಿಸಿದರು. ಸಂಜೆ ಆಕೆಯನ್ನು ಆಸ್ಪತ್ರೆಗೆ ಸೇರಿಸಿದರು. ನಾಲ್ಕನೇ ದಿನ ಆಕೆ ಹೋಗಿಬಿಟ್ಟರು.

ಪುಸ್ತಕ ಅಚ್ಚಾಗಿ ಬಂದಾಗ ಪ್ರೆಸ್ಸಿನ ಯಜಮಾನರು ಮನೆಗೇ ಬಂದರು. ಆ ಒಂದು ಪುಟದಲ್ಲಿ ಇಪ್ಪತ್ತಮೂರು ತಪ್ಪಿವೆಯಂತೆ, ಪುಸ್ತಕಕ್ಕೆ ಅಂಟಿಸೋಕೆ ತಪ್ಪು ತಿದ್ದುವ ಒಪ್ಪೋಲೆ ಬರೆದುಕೊಡಬೇಕಂತೆ. ಮೇಷ್ಟ್ರು ಮೂಲಪ್ರತಿ ತೆಗೆದು ಭೂತಗನ್ನಡಿ ಹಿಡಿದರು. ಇಪ್ಪತ್ತಮೂರೂ ಬಲಗೊಕ್ಕೆ. ಪ್ರತಿಯೊಂದರ ಪಕ್ಕದಲ್ಲೂ ಆಕೆಯ ಪೆನ್ಸಿಲ್ ಗೀಟು. ಆ ಹೊತ್ತು ಆಕೆಯ ಮುಖ ಹೇಗಿತ್ತು ಅಂತ ಎಷ್ಟು ನೆನೆದರೂ ನೆನಪಾಗಲಿಲ್ಲ. ನೋಡಿದ್ದರೆ ತಾನೇ!

ಇಷ್ಟು ಸಣ್ಣ ತಪ್ಪನ್ನು ಯಾರು ನೋಡ್ತಾರೆ ಬಿಡಿ ಮೇಷ್ಟ್ರೇ ಅಂತ ಯಜಮಾನರು ಸಮಾಧಾನ ಹೇಳಿದರು. ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟರು.

“ಅವಳು ಇಪ್ಪತ್ತಮೂರು ಸಲವೂ ಊದಿದ್ದಾಳೆ. ನಾನು ಒಂದು ಸಲವೂ ತಲೆ ಎತ್ತಲಿಲ್ಲ.”