ಆರು ಫ್ಯಾನು, ಒಂದು ಬೋಗುಣಿ

ಬಿಡಿಭಾಗ ತರಿಸಿ ಕೊಪ್ಪದ ಮನೆಯಲ್ಲಿ ನಾನೇ ಕಂಪ್ಯೂಟರ್ ಜೋಡಿಸಲು ಹೊರಟಾಗ, ಹೆಚ್ಚು ತಲೆ ಕೆಡಿಸಿಕೊಂಡದ್ದು ಫ್ಯಾನುಗಳ ಬಗ್ಗೆ. ಮುಂದಿನ ಮೂರು ಗಾಳಿಯನ್ನು ಒಳಗೆಳೆಯಬೇಕು, ಹಿಂದಿನದೊಂದು ಮತ್ತು ಮೇಲಿನವೆರಡು ಬಿಸಿಯನ್ನು ಹೊರಗೆ ದಬ್ಬಬೇಕು. ಆರಕ್ಕೂ ಬಣ್ಣದ ದೀಪ. ಹದಿನೈದು ದಿನ ಕಾಗದದ ಮೇಲೆ ಬಾಣ ಬರೆದೆ. ಅಡಿಕೆ ಡ್ರೈಯರ್ ಕಟ್ಟಿಸಿದ ಅನುಭವದ ಮೇಲೆ ಅಪ್ಪ ಎರಡು ಬಾಣ ತಿದ್ದಿದರು. ನನಗೆ ಸಿಟ್ಟು ಬಂತು. ಅವರು ಹೇಳಿದ್ದೇ ಸರಿಯಿತ್ತು, ಅದಕ್ಕೆ ಇನ್ನೂ ಸಿಟ್ಟು ಬಂತು.

ಮೊದಲ ಮಳೆ ಬಿದ್ದು ನಿಂತ ಸಂಜೆ ಸ್ವಿಚ್ ಹಾಕಿ, ಅಪ್ಪನಿಗೆ ತೋರಿಸಬೇಕೆಂದು ಕರೆಯಲು ತೋಟಕ್ಕೆ ಹೋದೆ. ಅಷ್ಟರಲ್ಲಿ ಹಾತೆ ಎದ್ದವು, ಗೆದ್ದಲಿನ ರೆಕ್ಕೆಹುಳುಗಳು. ಹಾತೆ ಬಂದರೆ ಮನೆಯ ದೀಪವನ್ನೆಲ್ಲ ಆರಿಸಿ, ಜಗಲಿಯಲ್ಲಿ ಒಂದೇ ದೀಪ ಉಳಿಸಿ, ಬೆಳಕಿಗೆ ಬಂದ ಹುಳು ಬೀಳಲೆಂದು ಅದರ ಕೆಳಗೆ ನೀರಿನ ಬೋಗುಣಿ ಇಡುವುದು ನಮ್ಮ ಕಡೆಯ ಪದ್ಧತಿ. ನಾವು ಬಂದು ನೋಡಿದರೆ ಮನೆಯೆಲ್ಲ ಕತ್ತಲೆ, ನನ್ನ ಕಂಪ್ಯೂಟರ್ ಮಾತ್ರ ಜಗಜಗ ಹೊಳೆಯುತ್ತಿತ್ತು. ಅದರ ಮುಂದೆ ಬೋಗುಣಿ ಇಟ್ಟುಕೊಂಡು ಅಮ್ಮ ಕೂತಿದ್ದರು.

"ಜಗಲಿ ಬಲ್ಬ್ ಹೋಗಿದೆ. ಇದೇ ಸಾಕು ಅಂತ ಬಿಟ್ಟೆ" ಅಂದರು.

ಮುಂದಿನ ಮೂರು ಫ್ಯಾನು ಹಾತೆಗಳನ್ನು ಒಂದೂ ಬಿಡದೆ ಒಳಗೆಳೆಯುತ್ತಿದ್ದವು. ಹಿಂದಿನಿಂದ ಬರೀ ರೆಕ್ಕೆ ಹಾರಿ ಬರುತ್ತಿತ್ತು.

"ಗಾಳಿ ಚೆನ್ನಾಗೇ ಎಳೀತದೆ ಮಾರಾಯ" ಅಂದರು ಅಪ್ಪ.

ಈಗ ಆ ಫ್ಯಾನುಗಳಲ್ಲಿ ನಾಲ್ಕು, ಹಾತೆ ಹಿಡಿಯಲು, ಜಗಲಿಯಲ್ಲಿ ಬೋಗುಣಿಯ ಮೇಲೆ ತಿರುಗುತ್ತವೆ. ಪಕ್ಕದ ಮನೆಯವರೂ ಎರಡು ಕೇಳಿ ಒಯ್ದಿದ್ದಾರೆ. ಮುಚ್ಚಳ ತೆಗೆದ ನನ್ನ ಕಂಪ್ಯೂಟರಿಗೆ ಗಾಳಿ ಹಾಕುವುದು ಅಮ್ಮನ ಹಳೇ ಟೇಬಲ್ ಫ್ಯಾನು.