ಫ್ರಾಂಕ್‌ಫರ್ಟಿನಿಂದ ಬರಬೇಕಿದ್ದ ಪೆಟ್ಟಿಗೆ

ಔಷಧಿ ಕೊಟ್ಟು ನನ್ನ ಅಸ್ಥಿಮಜ್ಜೆಯನ್ನು ಪೂರ್ತಿ ಬರಿದು ಮಾಡಿ ಮುಗಿಸಿದ್ದರು. ಅದೇ ಹೊತ್ತಿಗೆ ಫ್ರಾಂಕ್‌ಫರ್ಟಿನಲ್ಲಿ ಹಿಮ ಬೀಳಲು ಶುರುವಾಯಿತು.

ಶರಣ ಬಂಧುಗಳೇ, ನನ್ನ ಮನೆ ರಾಮಕೃಷ್ಣನಗರದಲ್ಲಿ, ಎಲೆಕ್ಟ್ರಿಕಲ್ ಅಂಗಡಿ ಲಷ್ಕರ್ ಮೊಹಲ್ಲಾದಲ್ಲಿ. ಎರಡು ವರ್ಷದಿಂದ ರಕ್ತದ ಕ್ಯಾನ್ಸರ್. ಕಳೆದ ಜನವರಿಯಲ್ಲಿ ನಮ್ಮೂರಿನದೇ ಆಸ್ಪತ್ರೆಯಲ್ಲಿ ಗಾಜಿನ ಕಿಟಕಿಯ ಒಂಟಿ ಕೋಣೆಗೆ ಸೇರಿಸಿದರು. ಸೋಂಕಿನ ಭಯಕ್ಕೆ ಹೆಂಡತಿ ಶೈಲಾ ಕೂಡ ಒಳಗೆ ಬರುವಂತಿರಲಿಲ್ಲ. ಗಾಜಿನಾಚೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ವಿಭೂತಿ, ಪತ್ರೆ, ಹೂವು ಯಾವುದಕ್ಕೂ ಅಪ್ಪಣೆಯಿಲ್ಲ. ಕೊರಳಿನ ಲಿಂಗವನ್ನು ಮಾತ್ರ ನರ್ಸಮ್ಮ ಸ್ಪಿರಿಟ್‌ನಲ್ಲಿ ಒರೆಸಿ ಕೊಟ್ಟರು.

ಜರ್ಮನಿಯ ಯಾರೋ ಪುಣ್ಯಾತ್ಮರು ನನಗಾಗಿ ಸ್ಟೆಮ್ ಸೆಲ್ ದಾನ ಮಾಡಿದ್ದರು. ಅದರಿಂದಲೇ ನನ್ನಲ್ಲಿ ಹೊಸ ಮಜ್ಜೆ ಬೆಳೆಯಬೇಕು. ಸೋಮವಾರ ಸಂಜೆ ತೆಗೆದದ್ದು ತಂಪು ಪೆಟ್ಟಿಗೆಯಲ್ಲಿ ಬಂದು, ಕೆಡುವ ಮುನ್ನ, ಗುರುವಾರ ಸಂಜೆಯೊಳಗೆ ನನ್ನ ಮೈ ಸೇರಬೇಕು.

“ಫ್ರಾಂಕ್‌ಫರ್ಟಿಂದ ಬೆಂಗಳೂರಿಗೆ ಹತ್ರತ್ರ ಏಳೂವರೆ ಸಾವಿರ ಕಿಲೋಮೀಟರ್ ಅಂತೆ ಕಣ್ರೀ,” ಎಂದು ಶೈಲಾ ಮೊಬೈಲ್ ನೋಡಿ ಓದಿದಳು. “ಆದ್ರೂ ಒಂಬತ್ತು ಗಂಟೆ ಅಷ್ಟೇ. ಅಲ್ಲಿಂದ ಇಲ್ಲಿಗೆ ನಾಕು ಗಂಟೆ.”

ಮಂಗಳವಾರ ಆ ವಿಮಾನ ರದ್ದಾಯಿತು.

“ಅವರು ಇನ್ನೊಂದ್ಸಲ ಕೊಡೋಕಾಗಲ್ವಾ ಡಾಕ್ಟ್ರೇ?” ಎಂದು ಕೇಳಿದೆ.

“ತಕ್ಷಣಕ್ಕೆ ಆಗಲ್ಲ. ನಿಮ್ಮದನ್ನ ಖಾಲಿ ಮಾಡಿಬಿಟ್ಟಿದೀವಿ. ವಾಪಸ್ ಹೋಗೋ ದಾರಿ ಇಲ್ಲ.”

ಕೋಣೆಯ ಬಾಗಿಲಿಗೆ ಬೀಗವಿರಲಿಲ್ಲ. ತೆಗೆದು ಹೊರಗೆ ಹೋದರೆ ಯಾರದೋ ಒಂದು ಕೆಮ್ಮು ಸಾಕಿತ್ತು ನನ್ನನ್ನು ಮುಗಿಸಲು. ಒಳಗೇ ಇದ್ದರೆ ಗೋಡೆಯ ಗಡಿಯಾರ. ಅದನ್ನು ತೆಗೆದುಬಿಡಿ ಎಂದು ನರ್ಸಮ್ಮನನ್ನು ಬೇಡಿಕೊಂಡೆ. ಅವರು ಅದಕ್ಕೊಂದು ಟವಲ್ ಮುಚ್ಚಿದರು. ಮುಳ್ಳಿನ ಸದ್ದು ಮಾತ್ರ ಕೇಳುತ್ತಲೇ ಇತ್ತು.

ಬುಧವಾರ ಬೆಳಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡೆ. ಎಳವೆಯಿಂದ ಹೇಳಿಕೊಂಡು ಬಂದ ಮಂತ್ರ ಬಾಯಿಗೆ ಬರಲಿಲ್ಲ. “ಇಲ್ಲಿಗೆ ತಂದು ಕೂರಿಸಿ ಕೈ ಬಿಟ್ಬುಡ್ತೀಯಾ? ಬರೋದಾದ್ರೆ ಬಾ, ಇಲ್ಲ ಕರ್ಕೊಂಡು ಹೋಗು,” ಎಂದು ಜಗಳವಾಡಿದೆ. ಆಮೇಲೆ ಅತ್ತುಬಿಟ್ಟೆ.

ಅಂದು ಮಧ್ಯಾಹ್ನ ಮೂರರ ಮೇಲೆ ಶೈಲಾ ಗಾಜು ತಟ್ಟಿದಳು. “ಪೆಟ್ಟಿಗೆ ಹೊರಟ್ಬುಟ್ಟಿದೆ ಕಣ್ರೀ.”

ಅದನ್ನು ತರುತ್ತಿದ್ದವರು ಕೆಲಸದಿಂದ ನಿವೃತ್ತರಾದ ಒಬ್ಬ ಜರ್ಮನ್ ಹೆಂಗಸು, ಸಂಬಳವಿಲ್ಲದೆ ಈ ಸೇವೆ ಮಾಡುವವರು. ಹಿಮ ನಿಲ್ಲಲೆಂದು ಕಾಯದೆ ಅವರು ರೈಲು ಹತ್ತಿ ಪ್ಯಾರಿಸ್‌ಗೆ ಹೋಗಿ, ಅಲ್ಲಿಂದ ಬೆಂಗಳೂರಿನ ವಿಮಾನ ಹಿಡಿದಿದ್ದರು. ಗುರುವಾರ ಬೆಳಗ್ಗೆ ಪೆಟ್ಟಿಗೆ ಆಸ್ಪತ್ರೆ ಮುಟ್ಟಿತು. ಹತ್ತು ಗಂಟೆಗೆ ಒಂದು ಸಣ್ಣ ಕೆಂಪು ಚೀಲ ನನ್ನ ತಲೆಯ ಮೇಲೆ ತೂಗಿತು.

ಹತ್ತೊಂಬತ್ತನೆಯ ದಿನ ಡಾಕ್ಟರು, “ಹೊಸ ಕೋಶ ಕಚ್ಕೊಂಡಿದೆ, ಯಜಮಾನ್ರೇ,” ಎಂದರು. ಶೈಲಾ ಆಗ ಒಂದು ಸಂಗತಿ ಹೇಳಿದಳು: ಪೆಟ್ಟಿಗೆ ಬಂದ ಬೆಳಗ್ಗೆ ಕಾರಿಡಾರಿನಲ್ಲಿ ಅದನ್ನು ತಂದ ಹೆಂಗಸಿನ ಕಾಲಿಗೆ ಬೀಳಲು ಹೋದಳಂತೆ. ಇವಳೇನೋ ಬೀಳಿಸಿಕೊಂಡಳೆಂದು ತಿಳಿದು ಅವರೂ ಬಗ್ಗಿ ನೆಲದಲ್ಲಿ ಹುಡುಕತೊಡಗಿದರಂತೆ.

ಆ ತಾಯಿಗೆ ಶರಣು. ಹೆಸರು ತಿಳಿಯದ ಆ ದಾನಿಗೆ ಶರಣು. ನನ್ನ ಜಗಳವನ್ನೂ ಪೂಜೆಯೆಂದು ಒಪ್ಪಿಕೊಂಡ ಶಿವನಿಗೆ ಶರಣು. ಕಷ್ಟದಲ್ಲಿರುವವರು ಮಂತ್ರ ಮರೆತರೆ ಅಂಜಬೇಡಿ. ಅವನೊಡನೆ ಮಾತು ಮಾತ್ರ ಬಿಡಬೇಡಿ.