ಜೀಪು ಮೆತ್ತಗಾದ ದಿನ

ಜೀಪನ್ನು ಎತ್ತರಿಸಿದ್ದು ನಾನೇ. ಮಸಿನಗುಡಿಯಲ್ಲಿ ಪ್ರವಾಸಿಗರನ್ನು ಸುತ್ತಿಸುವ ಜೀಪುಗಳಿಗೇನೂ ಬರವಿಲ್ಲ. ಅವುಗಳ ನಡುವೆ ನನ್ನದು ಒಂದು ಗೇಣು ಮೇಲೆ ನಿಂತರೆ ಜನ ಅದನ್ನೇ ಹತ್ತುತ್ತಾರೆ ಅಂದುಕೊಂಡೆ. ಹತ್ತಿದರು ಕೂಡ. ದೊಡ್ಡ ಚಕ್ರ, ಮುಂದಿನ ಸ್ಪ್ರಿಂಗಿಗೆ ಇನ್ನೊಂದು ಪ್ಲೇಟು, ಎಲ್ಲವನ್ನೂ ಮನೆಯ ಮುಂದೆ ಜಾಕ್ ಕೊಟ್ಟು ನಾನೇ ಜೋಡಿಸಿದೆ. ಮೆಕ್ಯಾನಿಕ್ ಯಾಕೆ ಬೇಕು ಎಂಬ ಧಿಮಾಕು. ಅವತ್ತಿನಿಂದ ಗಾಡಿಯ ಮುಂಭಾಗ ಕಿರ್ರೆನ್ನತೊಡಗಿತು, ಸಣ್ಣ ಗುಂಡಿಗೂ ಎತ್ತಿ ಕುಕ್ಕತೊಡಗಿತು. ಪ್ರವಾಸಿಗರಿಗೆ ಅದೂ ಒಂದು ಮಜವೇ.

ಆಮೇಲೆ ನನ್ನ ಹೆಂಡತಿ ಆ ಸೀಟಿನಲ್ಲಿ ಕೂರಬೇಕಾಗಿ ಬಂತು. ಅವಳ ಬೆನ್ನುಹುರಿಯ ಪಕ್ಕ ಗೆಡ್ಡೆ ಬೆಳೆದಿತ್ತು. ಚಿಕಿತ್ಸೆಗೆ ಪ್ರತಿ ವಾರ ಮೈಸೂರಿಗೆ ಬರಬೇಕು, ತಪ್ಪಿಸಿದರೆ ಕಾಲಿನ ಸ್ವಾಧೀನ ಹೋಗಬಹುದು ಎಂದಿದ್ದರು ಡಾಕ್ಟರು. ತೆಪ್ಪಕಾಡು ದಾಟಿದರೆ ಬಂಡೀಪುರ ಮುಗಿಯುವವರೆಗೂ ರಸ್ತೆಯಲ್ಲಿ ವೇಗ ತಡೆಯುವ ಹಂಪಿನ ಮೇಲೆ ಹಂಪು. ಒಂದೊಂದಕ್ಕೂ ಅವಳು ಕಂಬಿ ಹಿಡಿದು ತುಟಿ ಕಚ್ಚುತ್ತಿದ್ದಳು. ಬಾಡಿಗೆ ಕಾರು ಹಿಡಿಯಬಹುದಿತ್ತು. ಸ್ವಂತ ಗಾಡಿ ಇಟ್ಟುಕೊಂಡು ಇನ್ನೊಬ್ಬರ ಕಾರಿನಲ್ಲಿ ಕೂರುವುದೇ ಎಂದು ನಾನು ಹಿಡಿಯಲಿಲ್ಲ. ಈಗ ಬರೆಯುವಾಗಲೂ ಅದಕ್ಕೆ ಬೇರೆ ಕಾರಣ ಹೊಳೆಯುತ್ತಿಲ್ಲ.

ಮೂರನೇ ಸಲ ವಾಪಸು ಬಂದು ಇಳಿದವಳು ಹೇಳಿದಳು: "ಇನ್ಮೇಲೆ ಆ ವಂಡೀಲಿ ನಾನು ಬರಕಿಲ್ಲ. ಕಾಲು ಹೋದ್ರೆ ಹೋಗ್ಲಿ."

ಮರುದಿನವೇ ಗೂಡಲೂರಿನ ಒಬ್ಬ ವಯಸ್ಸಾದ ಮಲಯಾಳಿ ಮೆಕ್ಯಾನಿಕನ ಹತ್ತಿರ ಹೋದೆ. ಅವರು ಕೆಳಗೆ ನುಸುಳಿ ಟಾರ್ಚ್ ಬಿಟ್ಟು ನೋಡಿ, ಮಲಗಿದ್ದಲ್ಲಿಂದಲೇ ಕೇಳಿದರು: "ಈ ಸ್ಪ್ರಿಂಗ್ ಬೋಲ್ಟು ಯಾರು ಟೈಟ್ ಮಾಡಿದ್ದು ತಂಬಿ?"

"ನಾನೇ, ಚೇಟಾ."

"ಚಕ್ರ ಮೇಲೆ ತೂಗಾಡ್ತಿರುವಾಗ ತಾನೇ?"

ಹೌದು ಎಂದೆ. ಗಾಡಿ ನೆಲಕ್ಕಿಳಿದು ತನ್ನ ಭಾರ ತಾನು ಹೊತ್ತ ಮೇಲೆಯೇ ಆ ಬೋಲ್ಟುಗಳನ್ನು ಬಿಗಿಯಬೇಕಂತೆ. ಮೇಲಿದ್ದಾಗ ಬಿಗಿದರೆ, ಇಳಿಸಿದ ಕೂಡಲೇ ಒಳಗಿನ ಬುಷ್ ಎಂಬ ರಬ್ಬರ್ ಬಳೆ ತಿರುಚಿಕೊಂಡು ಹಾಗೇ ಕೂರುತ್ತದೆ. ಕಿರ್ರೆನ್ನುತ್ತಿದ್ದದ್ದು ಅದೇ. ಅವರು ಹರಿದ ಬುಷ್ ಬದಲಿಸಿದರು, ನಾನು ಹಾಕಿದ್ದ ಹೆಚ್ಚಿನ ಪ್ಲೇಟನ್ನು ಬಿಚ್ಚಿ ಮೂಲೆಗೆಸೆದರು. ಗಾಡಿಯನ್ನು ನೆಲಕ್ಕಿಳಿಸಿ, ಹಿಂದೆ ಮುಂದೆ ಉರುಳಿಸಿ, ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಯೇ ಬೋಲ್ಟು ಬಿಗಿದರು. ವಾಪಸು ಬರುವಾಗ ಜೀಪು ಹತ್ತಿಯ ಹಾಗೆ ತೇಲಿತು. ನನಗೆ ಖುಷಿಯೋ ಖುಷಿ. ಅವಳನ್ನು ಮನೆಯ ಸುತ್ತ ಒಂದು ರೌಂಡು ಕರೆದುಕೊಂಡು ಹೋಗಿ, ನೋಡು ನೋಡು ಎಂದು ತೋರಿಸಿದೆ. ಮುಂದಿನ ವಾರಕ್ಕೆ ಬರುತ್ತೇನೆ ಎಂದಳು.

ಆ ವಾರ ಕಾಡಿನ ದಾರಿಯುದ್ದಕ್ಕೂ ಅವಳು ಕಂಬಿ ಹಿಡಿಯಲಿಲ್ಲ. ಜಿಂಕೆ ನೋಡುತ್ತಾ ಕೂತಿದ್ದಳು.

"ಹಂಪು ಗೊತ್ತಾಯ್ತಾ?" ಎಂದು ಕೇಳಿದೆ.

"ಏನೂ ಗೊತ್ತಾಗ್ನಿಲ್ಲ."

ಗುಂಡ್ಲುಪೇಟೆಯಲ್ಲಿ ಟೀಗೆ ನಿಲ್ಲಿಸಿ, ಮೊದಲು ಮೆಕ್ಯಾನಿಕ್‌ಗೆ ಫೋನ್ ಹಚ್ಚಿದೆ. "ಚೇಟಾ, ನಿಮ್ಮ ಕೈ ಚಿನ್ನ" ಎಂದೆ. ಟೀ ಹಿಡಿದುಕೊಂಡು ಅವಳ ಬಾಗಿಲಿಗೆ ಬಂದಾಗ ಒಂದು ಚಪ್ಪಲಿ ಕಳಚಿ ಬಿದ್ದಿರುವುದು ಕಂಡಿತು. ಬರಿಯ ಹಿಮ್ಮಡಿ ಕಾಲಡಿಯ ತಗಡಿನ ಮೇಲಿತ್ತು. ಇಂಜಿನ್ನಿನ ಕಾವಿಗೆ ಆ ತಗಡು ಸುಡುತ್ತದೆಂದು ಯಾವಾಗಲೂ ಗೋಣಿಚೀಲ ಹಾಸುತ್ತಿದ್ದೆ. ರಿಪೇರಿಯ ದಿನ ತೆಗೆದದ್ದನ್ನು ಮತ್ತೆ ಹಾಸಿರಲಿಲ್ಲ. ಕಾಲೆತ್ತಿ ನೋಡಿದೆ. ಹಿಮ್ಮಡಿ ಕೆಂಪಗೆ ಬೆಂದು ದೊಡ್ಡ ಗುಳ್ಳೆ ಎದ್ದಿತ್ತು.

"ಯಾವಾಗಿಂದ?" ಎಂದೆ.

"ಮೊನ್ನೆಯಿಂದ ಕಾಲು ಇದ್ದಂಗೇ ಇಲ್ಲ," ಅಂದಳು. "ವಂಡಿ ಸರಿ ಆಯ್ತು ಅಂತ ಅಷ್ಟು ಕುಣೀತಿದ್ರಿ. ಹೇಳಕ್ಕೆ ಮನಸ್ಸಾಗ್ನಿಲ್ಲ."

ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಟೀ ಲೋಟವನ್ನು ಅವಳ ಕೈಗೆ ಕೊಟ್ಟೆ. ಅವಳು ಊದಿ ಕುಡಿಯತೊಡಗಿದಳು. ನಾನು ರಸ್ತೆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಆ ಗುಳ್ಳೆಯನ್ನು ಬೆರಳಿನಿಂದ ಒತ್ತಿದೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಅವಳು ಟೀ ಕುಡಿಯುತ್ತಲೇ ಇದ್ದಳು.